ಹದಿನಾಲ್ಕು ಅಳತೆ, ಏಳು ಪದ

ಟೈಲರಮ್ಮ: ಆರು ಪದ ಆಯ್ತು. ಏಳನೇದು ಹೇಳ್ರೀ.

ಗಂಡ: ಇರೇ, ಹೇಳ್ತೀನಿ. ಬಾಯಲ್ಲೇ ಇದೆ, ಬರ್ತಾ ಇಲ್ಲ.

ಟೈಲರಮ್ಮ: ಹತ್ತು ಗಂಟೆಯಿಂದ ಬಾಯಲ್ಲೇ ಇದೆ. ಈಗ ಮೂರೂಕಾಲು. ನಾಲ್ಕಕ್ಕೆ ಹಾಡಿನ ಟೀಚರ್ ಬರ್ತಾರೆ. ಅಗಿದಿದ್ದು ಸಾಕು, ಉಗೀರಿ.

ಅದು ಮನೆಯ ಮುಂದಿನ ಕೋಣೆ. ಅದೇ ಹೊಲಿಗೆ ಅಂಗಡಿ. ಕತ್ತರಿಸುವ ಮೇಜಿನ ಮೇಲೆ ನೀಲಿ ಬಟ್ಟೆಯ ಥಾನು ಅರ್ಧ ಬಿಚ್ಚಿ ಬಿದ್ದಿತ್ತು. ಅದರ ಪಕ್ಕದಲ್ಲಿ ಲ್ಯಾಪ್‌ಟಾಪು; ಅದರ ಕ್ಯಾಮೆರಾ ಕಣ್ಣಿಗೆ ಲೈನಿಂಗ್ ಬಟ್ಟೆಯ ಚೂರೊಂದನ್ನು ಅಂಟಿಸಿತ್ತು. ಮನೆಯ ಯಜಮಾನರಿಗೆ ನೀರಿನ ಕಚೇರಿಯಲ್ಲಿ ಮೀಟರು ಓದುವ ಕೆಲಸ. ಉಳಿದ ಹೊತ್ತೆಲ್ಲ ಕಂಪ್ಯೂಟರಿನ ಹುಚ್ಚು. ಕಂಡಕಂಡದ್ದಕ್ಕೆಲ್ಲ ಪಾಸ್‌ವರ್ಡ್ ಹಾಕುತ್ತಿದ್ದುದರಿಂದ ಬೀದಿಯವರು ಅವರನ್ನು ಬೀಗದಪ್ಪ ಎಂದೇ ಕರೆಯುತ್ತಿದ್ದರು.

ಟೈಲರಮ್ಮ ಇಪ್ಪತ್ತೆರಡು ವರ್ಷದಲ್ಲಿ ಗಳಿಸಿದ ಹೆಸರು ಒಂದೇ. ಒಮ್ಮೆ ತೆಗೆದ ಅಳತೆಯನ್ನು ಆಕೆ ಇನ್ನೊಮ್ಮೆ ಕೇಳಿದವರಲ್ಲ. ಅಳತೆಗಳೆಲ್ಲ ಕೆಂಪು ರಟ್ಟಿನ ದಪ್ಪ ಪುಸ್ತಕವೊಂದರಲ್ಲಿದ್ದವು. ಹದಿನೈದು ದಿನದ ಹಿಂದೆ ಆಕೆ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವಷ್ಟರಲ್ಲಿ, ಬೀಗದಪ್ಪ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಏಳು ಪದದ ಪಾಸ್‌ವರ್ಡ್ ಜಡಿದು, ಪುಸ್ತಕವನ್ನು ಕಾಗದ ಸೀಳುವ ಯಂತ್ರದ ಬಾಯಿಗೆ ಕೊಟ್ಟಿದ್ದರು. ಬಂದ ಮೇಲೆ ಆಕೆ ಮೊದಲೇ ಕತ್ತರಿಸಿಟ್ಟಿದ್ದನ್ನೇ ಹೊಲಿಯುತ್ತಿದ್ದರು; ಇವತ್ತು ಹಾಡಿನ ತಂಡದ ಹದಿನಾಲ್ಕು ಹೆಂಗಸರ ಉಡುಪಿಗೆ ಕತ್ತರಿ ಹಾಕಲೆಂದು ಪುಸ್ತಕ ಹುಡುಕಿದಾಗಲೇ ಆಕೆಗೆ ವಿಷಯ ತಿಳಿದದ್ದು. ಮುಂದಿನ ಭಾನುವಾರ ಅವರ ಕಾರ್ಯಕ್ರಮ. ಇವತ್ತು ಕತ್ತರಿಸದಿದ್ದರೆ ಹೊಲಿದು ಮುಗಿಯುವುದಿಲ್ಲ; ಮತ್ತೆ ಅಳತೆ ಕೇಳಿದರೆ ಇಪ್ಪತ್ತೆರಡು ವರ್ಷದ ಹೆಸರು ಉಳಿಯುವುದಿಲ್ಲ.

ಗಂಡ: ನೋಡು, ಇದನ್ನ ನಾನು ನಿನ್ನ ಒಳ್ಳೇದಕ್ಕೇ ಮಾಡಿದ್ದು. ಆ ಹೊಲಿಗೆ ಆಪ್‌ನವರು ಬಂದಿದ್ದರಲ್ಲ, ‘ಅಳತೆ ಎಲ್ಲ ನಮ್ಮಲ್ಲಿ ಹಾಕಿ, ಬಿಟ್ಟಿ’ ಅಂತ? ಅವರ ಷರತ್ತು ನಲವತ್ತು ಪುಟ ಇತ್ತು. ಒಂದಕ್ಷರ ಬಿಡದೆ ಓದಿದ್ದೀನಿ. ಮೂವತ್ತೆರಡನೇ ಪುಟದಲ್ಲಿ ಏನಿತ್ತು ಗೊತ್ತಾ? ಅಳತೆಗಳನ್ನ ತಮ್ಮ ‘ಪಾಲುದಾರರಿಗೆ’ ಕೊಡ್ತಾರಂತೆ. ಯಾರು ಪಾಲುದಾರರು? ತೂಕ ಇಳಿಸೋ ಪುಡಿ ಮಾರೋರು! ನಿನ್ನ ಗಿರಾಕಿಯ ಸೊಂಟ ಎರಡಿಂಚು ಹೆಚ್ಚಾದ ಮಾರನೇ ದಿನವೇ ಅವರ ಫೋನಿಗೆ ಪುಡಿ ಜಾಹೀರಾತು.

ಟೈಲರಮ್ಮ: ಅದು ಸರಿ. ಅದಕ್ಕೇ ನಾನೂ ಅವರನ್ನ ಬಾಗಿಲಿಂದಲೇ ಕಳಿಸಿದೆ.

ಗಂಡ: ಮತ್ತೆ? ಅಂಥ ಕಳ್ಳರಿಂದ ಕಾಪಾಡಿದೆ ನಾನು.

ಟೈಲರಮ್ಮ: ಕಳ್ಳರು ಕದ್ದಿದ್ದರೆ ಒಂದು ಪ್ರತಿ ಅವರ ಹತ್ತಿರ ಇರ್ತಿತ್ತು, ಒಂದು ನನ್ನ ಹತ್ತಿರ ಉಳೀತಿತ್ತು. ನೀವು ಕಾಪಾಡಿದ್ರಿ, ಒಂದೂ ಉಳೀಲಿಲ್ಲ.

ಕಿಟಕಿಯ ಬಳಿ ಸ್ಟೂಲಿನ ಮೇಲೆ ಕುಳಿತು ರವಿಕೆಗೆ ಹುಕ್ಕು ಹಾಕುತ್ತಿದ್ದ ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು.

ಅತ್ತೆ: ಉಳಿದಿದೆಯಮ್ಮಾ. ಆ ಯಂತ್ರ ಉಗುಳಿದ ಎಳೆ ಎಲ್ಲ ಹತ್ತಿಯ ಹಾಗೆ ಮೆತ್ತಗಿತ್ತು. ಸೂಜಿ ಚುಚ್ಚೋ ದಿಂಬಿಗೆ ತುಂಬಿದೀನಿ. ನಿನ್ನ ಗಿರಾಕಿಗಳೆಲ್ಲ ಇದರೊಳಗೇ ಇದಾರೆ.

ಗಂಡ: ಅಮ್ಮಾ, ನೀನು ಸುಮ್ಮನಿರು. ಇದು ಹಕ್ಕಿನ ಪ್ರಶ್ನೆ. ಪ್ರತಿಯೊಬ್ಬರ ಮಾಹಿತಿಯ ಮೇಲೆ ಅವರದೇ ಅಧಿಕಾರ. ಅವರ ಒಪ್ಪಿಗೆ ಇಲ್ಲದೆ ಯಾರೂ ಅದನ್ನ ಮುಟ್ಟಬಾರದು.

ಟೈಲರಮ್ಮ: ನನ್ನ ಪುಸ್ತಕ ಮುಟ್ಟೋವಾಗ ನನ್ನ ಒಪ್ಪಿಗೆ ಕೇಳಿದ್ರಾ?

ಗಂಡ: ಗಂಡ ಹೆಂಡ್ತಿ ಮಧ್ಯೆ ಎಂಥ ಒಪ್ಪಿಗೆ?

ಟೈಲರಮ್ಮ: ಆ ಕಂಪನಿಯವನೂ ಹೀಗೇ ಅಂದ. ‘ನಾವೆಲ್ಲ ಒಂದು ಕುಟುಂಬ ಮೇಡಂ, ನಿಮ್ಮ ಒಳ್ಳೇದಕ್ಕೇ’ ಅಂತ. ಅವನು ನಲವತ್ತು ಪುಟ ಆದ್ರೂ ಕೊಟ್ಟ. ನೀವು ಒಂದು ಚೀಟಿನೂ ಕೊಡಲಿಲ್ಲ.

ಸಿಕ್ಕಿಬಿದ್ದಾಗಲೆಲ್ಲ ಬೀಗದಪ್ಪ ಕನ್ನಡಕ ಒರೆಸುತ್ತಿದ್ದರು. ಈಗಲೂ ಒರೆಸಿದರು, ಅದೂ ಹಾಡಿನ ತಂಡದ ನೀಲಿ ಬಟ್ಟೆಯ ಅಂಚಿನಿಂದ. ಟೈಲರಮ್ಮ ಬಟ್ಟೆಯನ್ನು ಕಿತ್ತುಕೊಂಡರು.

ಟೈಲರಮ್ಮ: ಪದ ಎಲ್ಲಾದ್ರೂ ಬರೆದಿಟ್ಟಿದ್ದೀರಾ?

ಗಂಡ: ಪಾಸ್‌ವರ್ಡ್ ಬರೆದಿಡೋದಾ! ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಹೊಸಿಲ ಮೇಲೆ ಇಟ್ಟ ಹಾಗೆ. ದಾಳ ಉರುಳಿಸಿ ಒಂದೊಂದೇ ಪದ ಆರಿಸಿದ್ದು. ಯಾರಪ್ಪನಿಗೂ ಊಹಿಸಕ್ಕಾಗಲ್ಲ.

ಅತ್ತೆ: ನಿಮ್ಮಪ್ಪನ ಮಾತು ಬಿಡು, ಅವರ ಮಗನಿಗೇ ಆಗ್ತಿಲ್ಲ. ಎಲ್ಲಿ, ಮೊದಲಿಂದ ಹೇಳು. ಆಮೆ, ಕೊಡೆ, ಗರಗಸ, ಮೆಟ್ಟಿಲು, ಈರುಳ್ಳಿ, ತುತ್ತೂರಿ...

ಗಂಡ: ಅಮ್ಮಾ! ನಿನಗೆ ಹೇಗೆ ಗೊತ್ತು?

ಅತ್ತೆ: ಒಂದು ವಾರ ಸ್ನಾನದ ಮನೇಲಿ ಗಟ್ಟಿಯಾಗಿ ಬಾಯಿಪಾಠ ಮಾಡಿದ್ಯಲ್ಲೋ. ಮಗ್ಗಿ ಹೇಳೋವಾಗ ಈ ಶ್ರದ್ಧೆ ಇದ್ದಿದ್ರೆ ಇಷ್ಟು ಹೊತ್ತಿಗೆ ದೊಡ್ಡ ಆಫೀಸರ್ ಆಗಿರ್ತಿದ್ದೆ. ಆರನೇದರವರೆಗೆ ಕೇಳಿಸೋದು. ಏಳನೇದಕ್ಕೆ ಸರಿಯಾಗಿ ತಲೆ ಮೇಲೆ ನೀರು ಹೊಯ್ಕೋತಿದ್ದೆ.

ಆಗ ಕಿಟಕಿಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಪಕ್ಕದ ಗಡಿಯಾರ ರಿಪೇರಿಯವರ ಮೇಜು ಈ ಮನೆಯ ಸ್ನಾನದ ಕೋಣೆಯ ಗೋಡೆಗೆ ಒತ್ತಿಕೊಂಡೇ ಇತ್ತು. ಅವರು ಒಂದು ಕಣ್ಣಿಗೆ ಸಿಕ್ಕಿಸಿದ್ದ ಗಾಜನ್ನು ತೆಗೆಯದೆಯೇ ಕಿಟಕಿಯಲ್ಲಿ ಮುಖ ತೋರಿಸಿದರು.

ಗಡಿಯಾರದವರು: ತಪ್ಪು ತಿಳ್ಕೋಬೇಡಿ. ಕಂಬಳಿ.

ಗಂಡ: ಏನು?

ಗಡಿಯಾರದವರು: ಏಳನೇದು. ಕಂಬಳಿ. ನಮ್ಮ ಕಡೆಗೆ ನೀರಿನ ಸದ್ದು ಅಷ್ಟು ಬರಲ್ಲ. ನಮ್ಮ ಮನೆಯವಳಂತೂ ಈಗ ಅಡುಗೆ ಮಾಡ್ತಾ ಅದನ್ನೇ ಗುನುಗ್ತಾಳೆ. ಒಂದು ಪದ ಮರೆತರೆ ಒಗ್ಗರಣೆ ಸೀದು ಹೋಗತ್ತೆ.

ಟೈಲರಮ್ಮ: ನಿಮಗೆ ಪುಣ್ಯ ಬರಲಿ ಅಣ್ಣ. ಹೊಡೀರಿ ರೀ, ಕಂಬಳಿ!

ಗಂಡ: ಇದು ಸರಿ ಹೋಗಲ್ಲ. ಎರಡು ಮನೆಗೆ ಗೊತ್ತಾದ ಪಾಸ್‌ವರ್ಡು ಪಾಸ್‌ವರ್ಡೇ ಅಲ್ಲ. ಮೊದಲು ಬದಲಾಯಿಸಬೇಕು.

ಟೈಲರಮ್ಮ: ಮೊದಲು ತೆಗೀರಿ! ಆಮೇಲೆ ನಿಮ್ಮ ಹೆಸರನ್ನ ಬೇಕಾದ್ರೂ ಬದಲಾಯಿಸ್ಕೊಳ್ಳಿ.

ಫೈಲು ತೆರೆಯಿತು. ಬೀಗದಪ್ಪನವರ ಮುಖವೂ ಅರಳಿತು. ಸಾಲುಸಾಲಾಗಿ ಹೆಸರು, ವಿಳಾಸ, ಫೋನು, ಹುಟ್ಟಿದ ದಿನ. ಟೈಲರಮ್ಮ ಮೂಗಿನ ಮೇಲೆ ಕನ್ನಡಕ ಇಳಿಸಿ ಓದಿದರು. ಓದಿದಷ್ಟೂ ಅವರ ಹುಬ್ಬು ಮೇಲೇರಿತು.

ಟೈಲರಮ್ಮ: ಇವರೆಲ್ಲ ಯಾರು?

ಗಂಡ: ನಿನ್ನ ಗಿರಾಕಿಗಳೇ ಕಣೇ! ನಿನ್ನ ಪುಸ್ತಕದಲ್ಲಿ ಒಬ್ಬರ ಹೆಸರೂ ಇರಲಿಲ್ಲ. ‘ಕೆಮ್ಮಿನಮ್ಮ’, ‘ಎಡ ಭುಜ ಇಳಿಕೆ’, ‘ಕನ್ನಡಿ ಬಿಡದೋಳು’, ‘ಚೌಕಾಸಿ ಅತ್ತಿಗೆ’. ಅದೊಂದು ದಾಖಲೆಯಾ? ಇಡೀ ಬೀದಿ ಸುತ್ತಿ ಯಾರು ಯಾರು ಅಂತ ವಿಚಾರಿಸಿ, ಪೂರ್ತಿ ವಿವರ ತುಂಬಿಸಿದೆ.

ಟೈಲರಮ್ಮ: ವಿಚಾರಿಸಿದ್ರಾ? ‘ಎಡ ಭುಜ ಇಳಿಕೆ ಯಾರು’ ಅಂತ ಬೀದೀಲಿ ನಿಂತು ಕೇಳಿದ್ರಾ?

ಗಂಡ: ಮೀಟರು ಓದಕ್ಕೆ ಹೆಂಗೂ ಮನೆಮನೆಗೆ ಹೋಗ್ತೀನಲ್ಲ.

ಟೈಲರಮ್ಮ: ಅಯ್ಯೋ! ನನ್ನ ಪುಸ್ತಕ ಬಸ್ಸಲ್ಲಿ ಬಿದ್ದು ಹೋಗಿದ್ದರೂ ಯಾರ ಸೊಂಟ ಯಾವುದು ಅಂತ ಒಬ್ಬರಿಗೂ ತಿಳೀತಿರಲಿಲ್ಲ. ಇಪ್ಪತ್ತೆರಡು ವರ್ಷ ನಾನು ಮುಚ್ಚಿಟ್ಟಿದ್ದನ್ನ ನೀವು ನಾಲ್ಕೇ ದಿನದಲ್ಲಿ ಬಿಚ್ಚಿ, ಹೆಸರು ವಿಳಾಸ ಹಾಕಿ, ಆಮೇಲೆ ಅದಕ್ಕೆ ಬೀಗ ಹಾಕಿದ್ರಿ. ಬೀಗ ಬೇಕಾಗಿದ್ದೇ ನೀವು ಬರೆದಿದ್ದಕ್ಕೆ!

ಗಡಿಯಾರದವರು ಮೆಲ್ಲಗೆ ಕಿಟಕಿಯಿಂದ ಮುಖ ತೆಗೆದರು. ಆದರೆ ಕಿವಿಯನ್ನು ಅಲ್ಲೇ ಬಿಟ್ಟು ಹೋದರೆಂದು ಕಾಣುತ್ತದೆ. ಪಕ್ಕದಲ್ಲಿ ಕೆಲಸದ ಸದ್ದೇ ಇರಲಿಲ್ಲ.

ಟೈಲರಮ್ಮ: ಹೋಗಲಿ. ಬೈಯೋದು ರಾತ್ರಿ ಊಟಕ್ಕೆ ಕೂತಾಗ ಬೈತೀನಿ. ಅಳತೆ ಎಲ್ಲಿ? ಇಲ್ಲಿ ಬರೀ ನಕ್ಷತ್ರದ ಗುರುತು ಕಾಣ್ತಿದೆ.

ಗಂಡ: ಅದು... ಅಳತೆ ಅನ್ನೋದು ಬಹಳ ಸೂಕ್ಷ್ಮವಾದ ಮಾಹಿತಿ. ಅದಕ್ಕೇ ಬೇರೆ ಫೈಲಲ್ಲಿ ಹಾಕಿ, ಬೇರೆ ಪಾಸ್‌ವರ್ಡ್ ಕೊಟ್ಟಿದೀನಿ.

ಟೈಲರಮ್ಮ ಕೈಯಲ್ಲಿದ್ದ ದೊಡ್ಡ ಕತ್ತರಿಯನ್ನು ಮೇಜಿನ ಆ ತುದಿಗೆ, ತಮ್ಮ ಕೈಗೆ ಎಟುಕದಷ್ಟು ದೂರಕ್ಕೆ, ತಾವೇ ಸರಿಸಿದರು.

ಟೈಲರಮ್ಮ: ಅದನ್ನೂ ಸ್ನಾನದ ಮನೇಲಿ ಹೇಳ್ಕೊಂಡ್ರಾ?

ಗಂಡ: ಇಲ್ಲ. ಅದನ್ನ ಮನಸ್ಸಲ್ಲೇ ಹೇಳ್ಕೊಂಡೆ.

ಅತ್ತೆ: ಹೋಯ್ತು ಬಿಡು. ಅಲ್ಲಿಗೆ ಹೋಗಿದ್ದು ವಾಪಸ್ ಬಂದಿದ್ದೇ ಇಲ್ಲ.

ಟೈಲರಮ್ಮ: ನನ್ನ ಹುಟ್ಟಿದ ದಿನ ಹಾಕಿ ನೋಡಿ.

ಗಂಡ: ಹೆಂಡ್ತಿ ಹುಟ್ಟಿದ ದಿನ ಯಾರಾದ್ರೂ ಇಡ್ತಾರಾ? ಎಲ್ಲರೂ ಊಹಿಸ್ತಾರೆ.

ಟೈಲರಮ್ಮ: ಎಲ್ಲರೂ. ನಿಮ್ಮೊಬ್ಬರನ್ನ ಬಿಟ್ಟು. ಹೋದ ತಿಂಗಳು ಅದು ಬಂದು ಹೋಯ್ತು.

ಬೀಗದಪ್ಪ ಒಂದು ಪದ ಒತ್ತಿದರು. ತಪ್ಪು. ಇನ್ನೊಂದು ಒತ್ತಿದರು. ಅದೂ ತಪ್ಪು. ಮೂರನೆಯದಕ್ಕೆ ಬೆರಳೆತ್ತಿದವರು ಹಾಗೇ ನಿಂತರು.

ಟೈಲರಮ್ಮ: ಯಾಕೆ ನಿಂತ್ರಿ?

ಗಂಡ: ಮೂರು ಸಲ ತಪ್ಪಿದ್ರೆ ತಾನೇ ಅಳಿಸ್ಕೊಳ್ಳತ್ತೆ. ಕಳ್ಳರ ಕೈಗೆ ಸಿಗಬಾರದು ಅಂತ.

ಟೈಲರಮ್ಮ: ಇನ್ನೊಂದು ಪ್ರತಿ ಇಟ್ಟಿಲ್ವಾ?

ಗಂಡ: ಮೂರು ಕಡೆ ಇಟ್ಟಿದೀನಿ. ಒಂದು ಅಳಿಸಿದ್ರೆ ಮೂರೂ ಅಳಿಸೋ ಹಾಗೆ ಮಾಡಿದೀನಿ. ಆದ್ರೆ ಚಿಂತೆ ಬೇಡ, ಈಗ ನೆನಪಾಯ್ತು. ನೂರಕ್ಕೆ ನೂರು ಇದೇ.

ಒತ್ತಿದರು. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿ, ‘ಎಲ್ಲ ಮಾಹಿತಿಯನ್ನು ಸುರಕ್ಷಿತವಾಗಿ ಅಳಿಸಲಾಗಿದೆ’ ಎಂದು ತೋರಿಸಿತು.

ಗಂಡ: ಆಹಾ! ಕೆಲಸ ಮಾಡ್ತು ನೋಡು!

ಹೇಳಿದ ಮೇಲೆ ಅವರಿಗೆ ತಾವು ಹೇಳಿದ್ದು ಕೇಳಿಸಿತು.

ಟೈಲರಮ್ಮ ನೀಲಿ ಬಟ್ಟೆಯನ್ನು ಅಂಗೈಯಿಂದ ಒಮ್ಮೆ ನೇವರಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದರು. ಇಪ್ಪತ್ತೆರಡು ವರ್ಷದಲ್ಲಿ ಬಂದ ಬಟ್ಟೆಯನ್ನು ಕತ್ತರಿಸದೆ ಹಿಂದಕ್ಕೆ ಮಡಿಸಿದ್ದು ಇದೇ ಮೊದಲು. ಬೀಗದಪ್ಪನವರಿಗೆ ಬೈಗುಳಕ್ಕಿಂತ ಆ ಮಡಿಕೆಯೇ ಹೆಚ್ಚು ನಾಟಿತು.

ಗಂಡ: ನಾನೇ ಟೀಚರಿಗೆ ಹೇಳ್ತೀನಿ ಕಣೇ. ತಪ್ಪು ನಂದು ಅಂತಲೇ ಹೇಳ್ತೀನಿ.

ಟೈಲರಮ್ಮ: ಬೇಡ. ನೀವು ಹೇಳಕ್ಕೆ ಶುರು ಮಾಡಿದ್ರೆ ಅದೂ ನಲವತ್ತು ಪುಟ ಆಗತ್ತೆ.

ನಾಲ್ಕು ಹೊಡೆಯುವುದಕ್ಕೂ ಹಾಡಿನ ಟೀಚರ್ ಬರುವುದಕ್ಕೂ ಸರಿಹೋಯಿತು. ಯಾವಾಗಲೂ ನಗುನಗುತ್ತಾ ಬರುವ ಹೆಂಗಸು, ಇವತ್ತು ಬಾಗಿಲಲ್ಲೇ ನಿಂತು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದರು.

ಟೀಚರ್: ಕತ್ತರಿ ಹಾಕಿಬಿಟ್ರಾ?

ಟೈಲರಮ್ಮ: ಇಲ್ಲ ಟೀಚರ್. ಒಂದು ತಪ್ಪಾಗಿದೆ. ನಿಮ್ಮ ತಂಡದ ಅಳತೆ...

ಗಂಡ: ಮೇಡಂ, ನಾಗರಿಕರ ಮಾಹಿತಿಯ ರಕ್ಷಣೆಯ ದೃಷ್ಟಿಯಿಂದ...

ಅತ್ತೆ: ನೀನು ಸುಮ್ಮನಿರೋ!

ಟೈಲರಮ್ಮ: ...ಅಳತೆ ನನ್ನ ಹತ್ತಿರ ಇಲ್ಲ. ಅಳಿಸಿ ಹೋಗಿದೆ. ಹದಿನಾಲ್ಕೂ ಜನ ಇನ್ನೊಂದು ಸಲ ಬರಬೇಕಾಗತ್ತೆ. ಬಟ್ಟೆ ವಾಪಸ್ ಬೇಕು ಅಂದ್ರೂ ಇದೆ, ಮಡಿಸಿಟ್ಟಿದೀನಿ.

ಟೀಚರ್ ಕುರ್ಚಿಯ ಮೇಲೆ ದೊಪ್ಪನೆ ಕುಳಿತರು. ಬೀಗದಪ್ಪ ಕನ್ನಡಕಕ್ಕೆ ಕೈ ಹಾಕಿದರು. ಟೀಚರ್ ಉಸಿರು ಬಿಟ್ಟರು, ಎದೆ ತುಂಬಾ.

ಟೀಚರ್: ಅಬ್ಬ, ಬದುಕಿಸಿದ್ರಿ!

ಟೈಲರಮ್ಮ: ಹಾಂ?

ಟೀಚರ್: ನಿಮ್ಮ ಹತ್ತಿರ ಇದ್ದಿದ್ದು ಮೂರು ವರ್ಷದ ಹಿಂದಿನ ಅಳತೆ ಅಲ್ವಾ? ಹಾಡೋರು ಕೂತೇ ಹಾಡ್ತಾರೆ, ಹಾಡಿದ ಮೇಲೆ ಕೂತೇ ತಿಂತಾರೆ. ಹದಿನಾಲ್ಕರಲ್ಲಿ ಒಬ್ಬಳೂ ಮೊದಲಿನ ಹಾಗಿಲ್ಲ. ನಿನ್ನೆ ಅಭ್ಯಾಸ ಬಿಟ್ಟು ಇದೇ ಮಾತು. ‘ನೀನು ಹೋಗಿ ಹೇಳು, ನೀನು ಹೋಗಿ ಹೇಳು’ ಅಂತ ಕೊನೆಗೆ ನನ್ನ ತಲೆಗೆ ಕಟ್ಟಿದ್ರು. ನೀವೋ ಎರಡನೇ ಸಲ ಅಳತೆ ಕೇಳೋರೇ ಅಲ್ಲ. ‘ನಾವು ದಪ್ಪ ಆಗಿದೀವಿ’ ಅಂತ ತಾವಾಗಿ ಯಾರು ಬಾಯಿ ಬಿಡ್ತಾರೆ?

ಅತ್ತೆ ಸೂಜಿಯನ್ನು ದಿಂಬಿಗೆ ಚುಚ್ಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬೀಗದಪ್ಪ ಮಾತ್ರ ನಿಧಾನವಾಗಿ ನೆಟ್ಟಗಾದರು. ಒಂದೊಂದು ಮೂಳೆಗೂ ಜೀವ ಬಂದ ಹಾಗೆ.

ಗಂಡ: ಕೇಳಿಸ್ತಾ? ಇದನ್ನೇ ನಾನು ಹೇಳೋದು. ಹಳೇ ಮಾಹಿತಿಯನ್ನ ಅಳಿಸಿಕೊಳ್ಳೋ ಹಕ್ಕು ಪ್ರತಿಯೊಬ್ಬ ಮನುಷ್ಯನಿಗೂ...

ಟೈಲರಮ್ಮ: ರೀ, ಈಗ ಹೆಂಗಸರು ಅಳತೆಗೆ ಬರ್ತಾರೆ. ನೀವು ಹೊರಗೆ ಹೋಗಿ.

ಗಂಡ: ಹೊಸ ಅಳತೇನ ನಾನು ಈ ಸಲ ಸರಿಯಾಗಿ...

ಟೈಲರಮ್ಮ: ಹೊರಗೆ. ಆ ಪೆಟ್ಟಿಗೇನೂ ತಗೊಂಡು.

ಬೀಗದಪ್ಪ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಟೀಚರ್ ಫೋನು ತೆಗೆದು ತಂಡದವರಿಗೆಲ್ಲ ‘ಬನ್ನಿ, ನಾವೇನೂ ಹೇಳಬೇಕಾಗಲಿಲ್ಲ, ತಪ್ಪು ಅವರದೇ’ ಎಂದು ಕಳಿಸಿ, ಟೇಪಿನ ಮುಂದೆ ಕೈ ಎತ್ತಿ ನಿಂತರು. ಟೇಪು ಸೊಂಟದ ಸುತ್ತ ಬಂದಾಗ ಹೊಟ್ಟೆ ಒಳಗೆಳೆದುಕೊಂಡು ದನಿ ತಗ್ಗಿಸಿದರು.

ಟೀಚರ್: ಟೈಲರಮ್ಮ, ಇದು ಯಾರಿಗೂ ಗೊತ್ತಾಗಲ್ಲ ತಾನೇ? ಗುಟ್ಟು ನಿಮ್ಮ ಮನೇಲೇ ಉಳಿಯತ್ತಲ್ವಾ?

ಟೈಲರಮ್ಮ: ನಮ್ಮ ಮನೇಲಿಟ್ಟ ಗುಟ್ಟು ನಮಗೇ ಸಿಗಲ್ಲ ಟೀಚರ್, ಇನ್ನು ಬೇರೆಯವರಿಗೆ ಎಲ್ಲಿ ಸಿಗತ್ತೆ? ಉಸಿರು ಬಿಡಿ. ಪೂರ್ತಿ ಬಿಡಿ. ಭಾನುವಾರ ಹಾಡಬೇಕಲ್ಲ!