ಭಾವನ ಹಸಿರು ಚೀಟಿ

ಕಳೆದ ಶ್ರಾವಣದ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ, ರಾಜಗೋಪಾಲನಗರದ ತಮ್ಮ ಮನೆಯಲ್ಲಿ, ನಮ್ಮ ಭಾವ ಒಂದು ತೋಡಿ ರಾಗವನ್ನು ಪಾಸು ಮಾಡಿದರು.

ರಾಗವನ್ನು ಹಾಡುತ್ತಾರೆ, ಕೇಳುತ್ತಾರೆ. ಪಾಸು ಮಾಡುವುದೆಂದರೇನು ಎನ್ನುವಿರಾ? ಹಾಗಾದರೆ ನೀವು ನಮ್ಮ ಭಾವನನ್ನು ಕಂಡಿಲ್ಲ! ಧಾರವಾಡದ ಕಡೆಯಿಂದ ಬಂದು ಪೀಣ್ಯದ ಗಿಯರ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿದವರು ಅವರು. ಸರಿಯಿದ್ದ ಮಾಲಿಗೆ ಹಸಿರು ಚೀಟಿ, ತಿದ್ದಬಹುದಾದದ್ದಕ್ಕೆ ಹಳದಿ, ಗುಜರಿಗೆ ಹೋಗುವುದಕ್ಕೆ ಕೆಂಪು. ನಿವೃತ್ತಿಯ ದಿನ ಎಲ್ಲರಿಗೂ ಕೊಡುವಂತೆ ಇವರಿಗೂ ಗೋಡೆ ಗಡಿಯಾರ ಕೊಟ್ಟರು. ಇವರು ಅದರ ಜೊತೆಗೆ ಉಳಿದ ಚೀಟಿಗಳ ಕಟ್ಟನ್ನೂ ಕೇಳಿ ತಂದರು! ಅಂದಿನಿಂದ ಅವರ ಹಿಂದೂಸ್ತಾನಿ ಸಂಗೀತದ ಕ್ಯಾಸೆಟ್ಟುಗಳಿಗೆಲ್ಲ ದಾರ ಕಟ್ಟಿದ ಚೀಟಿಗಳು ತೂಗುತ್ತಿವೆ. ಬೀರು ತೆರೆದರೆ ಬಿಡಿಭಾಗಗಳ ಗೋದಾಮು.

ಹಾಡುಗಾರಿಕೆಗೆ ಅವರು ಅಂಕ ಕೊಡುವುದಿಲ್ಲ. ಧ್ವನಿಮುದ್ರಣಕ್ಕೆ ಮಾತ್ರ. ಒಮ್ಮೆ ಮಹಾ ಗಾಯಕರೊಬ್ಬರ ಕಛೇರಿಗೆ ಕೆಂಪು ಚೀಟಿ ಕಟ್ಟಿದಾಗ ನಾನು ತಡೆಯಲಾರದೆ, "ಭಾವಾ, ಅವರಿಗೆ ದೊಡ್ಡ ಪ್ರಶಸ್ತಿ ಬಂದದ!" ಎಂದೆ.

"ಅವರಿಗೆ ಬಂದದಪಾ. ಮುಂದಿನ ಸಾಲಿನ್ಯಾಗ ಕುಂತು ಕೆಮ್ಮಿದಾವಗ ಬಂದಿಲ್ಲ."

ಅವರ ಕಿವಿಯ ಖ್ಯಾತಿ ಸಾಮಾನ್ಯವಲ್ಲ. ಕೆಲಸದಲ್ಲಿದ್ದಾಗ ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವರು ಮಿಕ್ಸಿಯ ಸದ್ದು ಕೇಳಿ, "ಇದರ ಬುಶ್ ಮೂರು ದಿನದಾಗ ಹೋಗ್ತದ" ಎಂದರು. ಮೂರನೆಯ ದಿನ ಹೋಯಿತು. ಭಾವನ ಕಣ್ಣು ತಾಗಿತೆಂದೇ ನನ್ನ ಹೆಂಡತಿ ಇಂದಿಗೂ ನಂಬಿದ್ದಾಳೆ.

ಹೊಸ ಕ್ಯಾಸೆಟ್ ಸಿಕ್ಕಿದರೆ ಭಾನುವಾರ ಸಭೆ. ನಾವು ಸದಸ್ಯರು ಮೂವರು: ಶೆಡ್ಡುಗಳನ್ನು ಬಾಡಿಗೆಗೆ ಬಿಟ್ಟಿರುವ ಮಾಕಳಿಯ ಗೌಡರು, ಸಾಫ್ಟ್‌ವೇರ್ ಕೆಲಸದ ಬ್ರೂಕ್‌ಫೀಲ್ಡಿನ ಹುಡುಗಿ, ಮತ್ತು ಪತ್ರಿಕೆಯವನಾದ ನಾನು. ಮೊದಲ ಹತ್ತು ನಿಮಿಷ ತಪಾಸಣೆ, ಯಾರೂ ಉಸಿರೆತ್ತುವಂತಿಲ್ಲ. ಚೀಟಿ ಕಟ್ಟಿದ ಮೇಲೆ ಚಹಾ. ಹಸಿರು ಬಿದ್ದದ್ದರ ನಕಲು ಮಾತ್ರ ನಮಗೆ. ಅಕ್ಕ ಈ ಸಭೆಯಲ್ಲಿ ಎಂದೂ ಕೂತವಳಲ್ಲ. ಅಡುಗೆಮನೆಯಿಂದ "ದನಿ ಸಣ್ಣ ಮಾಡ್ರೀ" ಎನ್ನುವುದೊಂದೇ ಅವಳ ಸಂಗೀತ ವಿಮರ್ಶೆ.

ಈ ತೋಡಿ ಮಾತ್ರ ಬೇರೆ. ಭಾವ ಹುಡುಗರಾಗಿದ್ದಾಗ ಧಾರವಾಡದ ಮನೆಯೊಂದರ ಕಿಟಕಿಯ ಹೊರಗೆ ನಿಂತು ಕೇಳಿದ ಬೈಠಕ್ಕಿನದು. ವರ್ಷಗಟ್ಟಲೆ ಹುಡುಕಿ, ಆ ಮನೆಯವರಿಗೆ ಎಂಟು ಪತ್ರ ಬರೆದು ತರಿಸಿಕೊಂಡಿದ್ದರು.

ಕ್ಯಾಸೆಟ್ ತಿರುಗಿತು. ತಂಬೂರಿಯ ಜೊತೆಗೇ ಸೂಜಿಯಂಥ ಸೀಟಿ ಶುರುವಾಯಿತು. ನಿಲ್ಲಲೇ ಇಲ್ಲ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಭಾವನ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. ಹತ್ತು ನಿಮಿಷವಾದೊಡನೆ ಹಸಿರು ಚೀಟಿ ಕಟ್ಟಿ, "ಹೆಂಗದ?" ಎಂದರು.

"ಸಂದಾಗೈತೆ ಸಾ" ಎಂದರು ಗೌಡರು.

"ಸಕ್ಕತ್ ಕ್ಲೀನ್ ಆಗಿದೆ ಅಂಕಲ್" ಎಂದಳು ಹುಡುಗಿ.

ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದೇ ನನ್ನ ವೃತ್ತಿ. ಅಂದು "ಭಾರಿ ಅದ ಭಾವಾ" ಎಂದೆ!

ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಅಕ್ಕ ಹೊರಗೆ ಬಂದಳು. "ಅದೇನ್ರೀ ಒಂದಸಮ ಕುಂಯ್ ಅಂತ ಸೀಟಿ? ಎಲ್ಲಾರೂ ಸುಮ್ಮ ಕುಂತೀರಲ್ಲ!"

"ಎಲ್ಲೆ?" ಎಂದರು ಭಾವ. ಆಮೇಲೆ ನಮ್ಮತ್ತ ತಿರುಗಿ, "ನಿಮಗೂ ಕೇಳಸ್ತೇನು?"

ಮೂರು ತಲೆಗಳು ನೆಲ ನೋಡುತ್ತಲೇ ಹೌದೆಂದು ಅಲ್ಲಾಡಿದವು. ಭಾವ ಸಿಟ್ಟಾಗಲಿಲ್ಲ. ಟೇಪ್ ನಿಲ್ಲಿಸಿ, "ಹಂಗಾದ್ರ ಗೇಜೇ ತಪ್ಪದ" ಎಂದರು.

ಕಾರ್ಖಾನೆಯ ನಿಯಮ ಹೀಗಿದೆ. ಅಳೆಯುವ ಗೇಜನ್ನೇ ಆಗಾಗ ಪರೀಕ್ಷಿಸಬೇಕು. ಅದು ತಪ್ಪಿದೆಯೆಂದು ಗೊತ್ತಾದರೆ, ಅದು ಕೆಟ್ಟ ದಿನದಿಂದ ಪಾಸು ಮಾಡಿದ ಮಾಲನ್ನೆಲ್ಲ ವಾಪಸು ತರಿಸಿ ಮತ್ತೆ ಅಳೆಯಬೇಕು. ಇಲ್ಲಿ ಗೇಜು ಭಾವನ ಕಿವಿ!

ಮರುದಿನ ನಾನೇ ಕಿವಿ ಡಾಕ್ಟರರ ಬಳಿಗೆ ಕರೆದೊಯ್ದೆ. ಮೂವತ್ತು ವರ್ಷದ ಯಂತ್ರಗಳ ಸದ್ದಿಗೆ ಕಿವಿ ಸವೆದಿದೆ, ವಯಸ್ಸೂ ಸೇರಿ ಸೀಟಿಯಂಥ ಚೂಪು ದನಿಗಳು ಈಗ ಕೇಳುವುದಿಲ್ಲ, ಹೋದದ್ದು ಮರಳದು ಎಂದರು ಡಾಕ್ಟರು. ಭಾವ ಔಷಧಿ ಕೇಳಲಿಲ್ಲ.

"ಯಾವಾಗಿಂದ?"

"ಐದಾರು ವರ್ಷ ಆಗಿರ್ಬಹುದು ಸಾರ್."

"ಐದೋ ಆರೋ ಸರಿಯಾಗಿ ಹೇಳ್ರೀ! ಒಂದು ವರ್ಷಕ್ಕ ನಲವತ್ತು ಕ್ಯಾಸೆಟ್ ಫರಕ್ ಬೀಳ್ತಾವು!"

ಕೊನೆಗೆ ತಾವೇ ಆರು ಎಂದು ತೀರ್ಮಾನಿಸಿ, ಆರು ವರ್ಷದಲ್ಲಿ ನಕಲು ಪಡೆದವರಿಗೆಲ್ಲ ಫೋನು ಮಾಡಿದರು. "ನನ್ನ ಕಿವಿ ಸರಿಯಿಲ್ಲ. ನನ್ನ ಚೀಟಿ ನಂಬಬ್ಯಾಡ್ರಿ. ವಾಪಸ್ ಕಳಸ್ರಿ."

"ಅಂಕಲ್, ಆ ಭೈರವ್ ಚೆನ್ನಾಗೇ ಇದೆ, ದಿನಾ ಟ್ರಾಫಿಕ್‌ನಲ್ಲಿ ಅದನ್ನೇ ಕೇಳ್ತೀನಿ" ಎಂದು ಹುಡುಗಿ ಗೋಗರೆದಳು.

"ಇರ್ಲಿ ತಂಗಿ, ತಂದುಕೊಡು."

ಗೌಡರಿಗೆ ಕೋಪವೇ ಬಂತು. "ನಾ ಕೊಡಾಕಿಲ್ಲ ಸಾ! ಚೀಟಿ ನೋಡಿ ತಗಂಡೋಗಿದ್ನಾ? ನಿಮ್ ಮಕ ನೋಡಿ ತಗಂಡೋಗಿದ್ದು!" ಎಂದವರು ಮರುದಿನ ಅಕ್ಕಿ ಚೀಲದಲ್ಲಿ ಎಲ್ಲವನ್ನೂ ತುಂಬಿಕೊಂಡು ಬಂದರು.

ಪತ್ರಿಕೆಯಲ್ಲಿ ನಾವು ತಪ್ಪು ಮಾಡಿದರೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದ ತಿದ್ದುಪಡಿ ಹಾಕುತ್ತೇವೆ. ನಮ್ಮ ಭಾವ ಮುಖಪುಟದಲ್ಲಿ ಹಾಕಿದರು. ಈ ಮನುಷ್ಯ ನನ್ನ ಅಕ್ಕನ ಗಂಡ ಎಂದು ಅಂದಿನಿಂದ ಕಚೇರಿಯಲ್ಲಿ ಕೇಳದವರಿಗೂ ಹೇಳುತ್ತಿದ್ದೇನೆ.

ಮರುತಪಾಸಣೆ ಯಾರು ಮಾಡಬೇಕು? ಸಭೆಯಲ್ಲಿದ್ದ ಮೂವರೂ ಸುಳ್ಳುಗಾರರೆಂದು ಸಾಬೀತಾಗಿತ್ತು! ಭಾವ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಮೊದಲ ಕ್ಯಾಸೆಟ್ಟಿಗೇ, "ಇದರಾಗ ತಂಬೂರಿ ಎರಡನೇ ತಂತಿ ಇಳದದ" ಎಂದಳು. ಎರಡನೆಯದಕ್ಕೆ, "ಇದು ತಡೀರಿ, ತಬಲಾ ಬರೂಕಿಂತ ಮೊದಲ ಒಂದು ಕಾಗಿ ಕೂಗ್ತದ" ಎಂದಳು. ಕಾಗೆ ಕೂಗಿತು.

"ನಿನಗ ಇದೆಲ್ಲಾ ಯಾವಾಗ ಗೊತ್ತಾತು?" ಎಂದರು ಭಾವ.

"ಗ್ವಾಡಿ ಆಚೀಕ ಇಷ್ಟು ವರ್ಷ ಬರೇ ರೊಟ್ಟಿ ಬಡದೆ ಅಂತ ತಿಳದಿರೇನು?"

ಭಾವ ತಾವು ಕೂರುವ ಕುರ್ಚಿಯನ್ನು ಅವಳತ್ತ ಸರಿಸಿ, ತಾವು ಚಾಪೆಯ ಮೇಲೆ ಕೂತರು.

ಮೊನ್ನೆಯ ಭಾನುವಾರಕ್ಕೆ ನಾಲ್ಕು ವರ್ಷದ ಮಾಲು ಮುಗಿದಿದೆ. ತೋಡಿಗೆ ಈಗ ಹಳದಿ ಚೀಟಿ. ಬ್ರೂಕ್‌ಫೀಲ್ಡಿನ ಹುಡುಗಿ ಕಂಪ್ಯೂಟರಿನಲ್ಲಿ ಅದರ ಸೀಟಿ ತೆಗೆಯುತ್ತಿದ್ದಾಳೆ. ಚೀಟಿಯಲ್ಲಿ ತಪಾಸಕರ ಸಹಿಗೆಂದು ಅಚ್ಚಾದ ಗೆರೆಯ ಮೇಲೆ ಅಕ್ಕನ ಹೆಸರಿದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಗೆರೆ ಎಳೆದು, 'ಸಹಾಯಕ' ಎಂದು ಬರೆದು, ಭಾವ ಸಹಿ ಹಾಕಿದ್ದಾರೆ.