ಲಸಾನ್ಯಕ್ಕೆ ಪೇಪರ್ ಪರೀಕ್ಷೆ

ಅರುವತ್ತು ದಾಟಿದ ಗಂಡಸಿಗೆ ಮನೆಯೊಳಗೆ ಉಳಿಯುವ ಹಕ್ಕುಗಳು ಬಹಳ ಕಡಿಮೆ. ಟೀವಿಯ ರಿಮೋಟ್ ಹೋಗುತ್ತದೆ, ಫ್ಯಾನು ಎಷ್ಟು ಜೋರಾಗಿ ತಿರುಗಬೇಕೆಂಬ ತೀರ್ಮಾನ ಹೋಗುತ್ತದೆ, ಕೊನೆಗೆ ತನ್ನ ಅಂಗಿ ಹಳೆಯದಾಯಿತೋ ಇಲ್ಲವೋ ಎಂದು ಹೇಳುವ ಅಧಿಕಾರವೂ ಹೋಗಿ, ಆ ಅಂಗಿ ಒಂದು ಬೆಳಗ್ಗೆ ನೆಲ ಒರೆಸುವ ಬಟ್ಟೆಯಾಗಿ ಎದುರಿಗೇ ಸಿಗುತ್ತದೆ. ಇದನ್ನೆಲ್ಲ ತಕರಾರಿಲ್ಲದೆ ಬಿಟ್ಟುಕೊಟ್ಟವನು ನಾನು. ಆದರೆ ಭಾನುವಾರದ ಬಾಡೂಟವನ್ನು ಮಾತ್ರ ಬಿಡುವುದಿಲ್ಲ ಎಂದು ನಿಂತೆ. ನಿಂತಿದ್ದು ಸರಿಯೆಂದೇ ಇವತ್ತಿಗೂ ಹೇಳುತ್ತೇನೆ, ಕೇಳುವವರು ಕೇಳಲಿ.

ಜಗಳ ಶುರುವಾದದ್ದು ನನ್ನ ರಕ್ತಪರೀಕ್ಷೆಯಿಂದ. ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆಯೆಂದು ಬಂತು. ಡಾಕ್ಟರು ಒಳ್ಳೆಯ ಮನುಷ್ಯ. “ಎಣ್ಣೆ, ಜಿಡ್ಡು ಸ್ವಲ್ಪ ಕಮ್ಮಿ ಮಾಡಿ ಸಾರ್” ಅಂದರು, ಅಷ್ಟೆ. ಆದರೆ ನಮ್ಮ ಆಟೋ ಹೆಬ್ಬಾಳದ ಫ್ಲೈಓವರ್ ಇಳಿದು ಅಮೃತಹಳ್ಳಿ ಕಡೆ ತಿರುಗುವಷ್ಟರಲ್ಲಿ ಆ ‘ಸ್ವಲ್ಪ ಕಮ್ಮಿ’ ಎಂಬುದು ನನ್ನ ಹೆಂಡತಿ ವಿಮಲಳ ಬಾಯಲ್ಲಿ ‘ಪೂರ್ತಿ ಬಂದ್’ ಆಗಿತ್ತು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಯೂನಿಯನ್ ಮಾತು ಕೇಳಿಕೊಂಡು ಬಂದವನು ನಾನು, ಮಾತುಕತೆಯಿಲ್ಲದೆ ಬಂದ್ ಒಪ್ಪಿಕೊಳ್ಳುವುದುಂಟೆ? ಆಟೋದಲ್ಲೇ ಸವಾಲು ಹಾಕಿದೆ. “ಜಿಡ್ಡಿಲ್ಲದ ಬಾಡೂಟ ನಾನೇ ಮಾಡಿ ತೋರಿಸ್ತೀನಿ.”

“ತೋರ್ಸಿ. ಪೇಪರ್ ಮೇಲೆ ಒತ್ತಿ ನೋಡ್ತೀನಿ. ಜಿಡ್ಡಿನ ಕಲೆ ಬಿತ್ತೋ, ಅವತ್ತಿಗೆ ಬಾಡು ಬಂದ್. ಬೀಳ್ಲಿಲ್ವೋ, ನಿಮ್ಮ ಭಾನುವಾರ ನಿಮಗೆ.”

ಈ ಪೇಪರ್ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಮನೆಗೆ ದಿನಪತ್ರಿಕೆ ತರಿಸುವುದು ಓದುವುದಕ್ಕಿಂತ ಹೆಚ್ಚಾಗಿ ಒತ್ತುವುದಕ್ಕೆ. ಬೋಂಡಾ, ವಡೆ, ಪೂರಿ, ಯಾವುದೇ ಇರಲಿ, ಅದು ವಿಮಲಳ ಅಂಗೈಗೂ ನಿನ್ನೆಯ ಸುದ್ದಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾದ ಮೇಲೆಯೇ ನನ್ನ ತಟ್ಟೆಗೆ ಬರುವುದು. ಆಮೇಲೆ ಅವಳು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವ ರೀತಿ ಇದೆಯಲ್ಲ, ಡಾಕ್ಟರು ನನ್ನ ಎಕ್ಸ್‌ರೇಯನ್ನೂ ಅಷ್ಟು ಗಂಭೀರವಾಗಿ ನೋಡಿದವರಲ್ಲ.

ಯಾವ ಅಡುಗೆ ಮಾಡುವುದು ಎಂದು ಯೋಚಿಸಿದಾಗ ಹೊಳೆದದ್ದು ಲಸಾನ್ಯ. ಗೆಳೆಯನ ಮಗಳ ನಿಶ್ಚಿತಾರ್ಥದ ಪಾರ್ಟಿಯಲ್ಲಿ ತಿಂದಿದ್ದೆ. ಚಪಾತಿಯಂಥ ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ನಡುವೆ ಮಾಂಸ, ಟೊಮೆಟೊ ಗೊಜ್ಜು, ಬೆಣ್ಣೆ ಹಾಕಿ ಕಾಸಿದ ಹಾಲು, ಚೀಸ್ ಎಲ್ಲ ತುಂಬಿ ಓವನ್‌ನಲ್ಲಿ ಬೇಯಿಸುತ್ತಾರೆ. ಹಾಗೇ ಮಾಡಿದರೆ ಪೇಪರೇನು, ಊಟದ ಮೇಜೇ ಜಿಡ್ಡಾದೀತು. ಆದ್ದರಿಂದ ನಾನು ಅದರ ಕೊಬ್ಬು ಇಳಿಸಲು ಕುಳಿತೆ. ಚಿಕನ್ ಸಾಸೇಜನ್ನು ಫೋರ್ಕಿನಿಂದ ಚುಚ್ಚಿ ಚುಚ್ಚಿ ನೀರಿನಲ್ಲಿ ಕುದಿಸಿ, ಜಿಡ್ಡೆಲ್ಲ ಮೇಲೆ ತೇಲಿದ ಮೇಲೆ ಆ ನೀರು ಚೆಲ್ಲಿದೆ. ಹಾಲಿಗೆ ಬೆಣ್ಣೆಯ ಬದಲು ಒಂದಿಷ್ಟು ಮೆಕ್ಕೆಜೋಳದ ಹಿಟ್ಟು ಕದಡಿದೆ. ಚೀಸಿನ ಬದಲಿಗೆ ಕೆನೆ ತೆಗೆದ ಹಾಲಿನ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದೆ. ಬದನೆಕಾಯಿ, ಪಾಲಕ್, ದಪ್ಪ ಮೆಣಸಿನಕಾಯಿ ತುಂಬಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ ಅನ್ನಿಸಿಕೊಳ್ಳುತ್ತಿದ್ದೆ. ಹುರುಪಿನಲ್ಲಿ ಹಾಳೆಗಳನ್ನೂ ಅರ್ಧ ಕಡಿಮೆ ಮಾಡಿ, ಆ ಜಾಗಕ್ಕೆ ತೆಳ್ಳಗೆ ಹೆಚ್ಚಿದ ಸೋರೆಕಾಯಿ ಹಾಸಿದೆ.

ಆ ಭಾನುವಾರ ದಾಸರಹಳ್ಳಿಯಿಂದ ಅಕ್ಕ ಬಂದಿದ್ದಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳು ಅವಳೇ. ಅವಳ ಲೆಕ್ಕದಲ್ಲಿ ನಾನಿನ್ನೂ ಸರಿಯಾಗಿ ಉಣ್ಣಲು ಕಲಿಯದ ಮಗು. ಅಡುಗೆಮನೆಗೆ ಬಂದು ಸಾಸೇಜ್ ನೋಡಿ, “ಇದೇನ್ ಪುಟ್ಟಾ, ರಬ್ಬರ್ ಪೈಪ್ ಕುಯ್ದಂಗೈತೆ” ಅಂದಳು. ನಲ್ಲಿಗೆ ನೇತಾಡುತ್ತಿದ್ದ ಮೊಸರಿನ ಗಂಟು ನೋಡಿ, “ಇದ್ಯಾಕೆ ನೇಣಾಕಿದ್ದೀಯ?” ಅಂದಳು. ನಾನು ವಿವರಿಸಿದೆ. ಅವಳು ವಿಮಲಳ ಮುಖ ನೋಡಿದಳು, ವಿಮಲ ಸೂರು ನೋಡಿದಳು.

ಲಸಾನ್ಯವನ್ನು ಓವನ್‌ನಿಂದ ತೆಗೆದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅದರ ಮೈ ಫಳಫಳ ಹೊಳೆಯುತ್ತಿತ್ತು. ನನ್ನ ಕೈಗುಣ ಎಂದುಕೊಂಡೆ. ವಿಮಲ ಒಂದು ತುಂಡು ಕತ್ತರಿಸಿ ಪೇಪರಿನ ಮೇಲೆ ಮಗುಚಿ ಒತ್ತಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಾಳೆ ಗಾಜಿನಂತಾಗಿತ್ತು. ಹಿಂಬದಿಯ ಪುಟದಲ್ಲಿದ್ದ ಶ್ರದ್ಧಾಂಜಲಿಯ ಫೋಟೋ ಒಂದು, ಹಾರದ ಸಮೇತ, ಈಚೆಗೆ ಕಾಣುತ್ತಿತ್ತು.

“ನೋಡಿ, ಕರೆಯೋಕೆ ಬಂದಿದ್ದಾರೆ” ಅಂದಳು ವಿಮಲ.

“ನಾನು ಒಂದು ತೊಟ್ಟು ಎಣ್ಣೆ ಹಾಕಿಲ್ಲ. ಇದು ಮೋಸ.”

“ಎಣ್ಣೆ ಎಲ್ಲಾಕವ್ನೆ ಪಾಪ” ಎಂದು ಅಕ್ಕ ನನ್ನ ಪರವಾಗಿ ಬಂದಳು. “ಒಣಗೋಗಿತ್ತು ಕಣಮ್ಮಾ. ಹುಡುಗನ ಗಂಟ್ಲಲ್ಲಿ ಇಳೀಬೇಕಲ್ಲ ಅಂತ ನಾನೇ ತುಪ್ಪ ಕಾಯ್ಸಿ ಸುರುದೆ. ಒಂದೇ ಸೌಟು.”

ವಿಮಲಳ ಬಾಯಿ ತೆರೆಯಿತು, ಮುಚ್ಚಿತು. ನನಗಾಗಿದ್ದರೆ ಸಂಜೆಯವರೆಗೆ ಸಾಕಾಗುವಷ್ಟು ಮಾತು ಅದರೊಳಗಿತ್ತು. ಆದರೆ ಗಂಡನ ಅಕ್ಕನಿಗೆ ಎದುರು ಮಾತನಾಡುವ ಪದ್ಧತಿ ನಮ್ಮ ಕಡೆ ಇಲ್ಲ. “ಪರವಾಗಿಲ್ಲ ಬಿಡಿ ಅತ್ತಿಗೆ” ಎಂದಷ್ಟೇ ಅಂದಳು. ನಾನು ಸಂದರ್ಭ ಬಿಡಲಿಲ್ಲ. ಮರುಪರೀಕ್ಷೆ ಆಗಲೇಬೇಕು, ತುಪ್ಪ ತಲುಪದ ತಳದ ಪದರದಿಂದ ತುಂಡು ತೆಗೆಯಬೇಕು ಎಂದು ಪಟ್ಟು ಹಿಡಿದೆ. ತೆಗೆದರು. ಅಲ್ಲಿ ಸೋರೆಕಾಯಿ ತನ್ನ ಸಮಸ್ತ ನೀರನ್ನೂ ಬಿಟ್ಟು ಈಜಾಡುತ್ತಿತ್ತು. ಪೇಪರ್ ತೊಪ್ಪೆಯಾಯಿತು.

“ಒದ್ದೆ ಅಂದ್ರೆ ಒದ್ದೆ” ಅಂದಳು ವಿಮಲ.

“ನೀರು ಒಣಗತ್ತೆ, ಜಿಡ್ಡು ಒಣಗಲ್ಲ. ಬಾ ಮಹಡಿ ಮೇಲೆ.”

ಮಹಡಿಯ ಬಿಸಿಲಿನಲ್ಲಿ ಆ ಹಾಳೆಯ ನಾಲ್ಕು ಮೂಲೆಗೂ ಕಲ್ಲಿಟ್ಟು ಮೂವರೂ ಸುತ್ತ ನಿಂತೆವು. ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತ, “ಏನ್ರೀ ಸಾರ್, ಒಂದೇ ಹಪ್ಪಳ ಹಾಕಿದ್ದೀರಾ?” ಎಂದು ಕೇಳಿದರು. ನಾನು ಹಾಳೆಯಿಂದ ಕಣ್ಣು ಕೀಳಲಿಲ್ಲ. ನ್ಯಾಯ ನಡೆಯುವ ಜಾಗದಲ್ಲಿ ಹರಟಬಾರದು. ಹಾಳೆ ಒಣಗಿತು. ವಿಮಲ ಎತ್ತಿ ಸೂರ್ಯನಿಗೇ ಹಿಡಿದಳು. ಒಂದು ಚುಕ್ಕೆ ಜಿಡ್ಡಿರಲಿಲ್ಲ.

“ಒಪ್ಕೊಂಡೆ” ಅಂದಳು ನಿಧಾನವಾಗಿ. “ನಿಮ್ಮ ಭಾನುವಾರ ನಿಮಗೆ. ಪರೀಕ್ಷೆ ಪಾಸಾಗಿರೋದು ಇದೊಂದೇ ಅಲ್ವಾ? ಇನ್ಮೇಲೆ ಪ್ರತಿ ಭಾನುವಾರ ಇದೇ ಮಾಡ್ಕೊಳಿ. ತುಪ್ಪ ಇಲ್ದೆ.”

ಅಂದಿನಿಂದ ಹಾಗೇ ನಡೆದಿದೆ. ವಿಮಲಳ ರಕ್ತದಲ್ಲಿ ಯಾವ ದೋಷವೂ ಇಲ್ಲ, ಅಕ್ಕ ಜನ್ಮದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡವಳಲ್ಲ. ಹಾಗಾಗಿ ಭಾನುವಾರ ಅಕ್ಕ ಬಂದಾಗಲೆಲ್ಲ ಅವರಿಬ್ಬರೂ ನಾಟಿ ಕೋಳಿ ಸಾರು ಮಾಡಿ, ಮುದ್ದೆ ಮುರಿದು ಅದ್ದಿ ನುಂಗುತ್ತಾರೆ. ಎದುರಿಗೆ ಕುಳಿತು ನಾನು ಸೋರೆಕಾಯಿಯ ನೀರು ಬಸಿದು ಲಸಾನ್ಯ ತಿನ್ನುತ್ತೇನೆ. ಮೊನ್ನೆ ಅಕ್ಕನಿಗೆ ತಡೆಯಲಾಗಲಿಲ್ಲ. ಸೌಟು ಎತ್ತಿ, “ಒಸಿ ಸಾರು ಬಿಡ್ಲೇನೋ ಪುಟ್ಟಾ?” ಎಂದು ಕೇಳಿದಳು. ವಿಮಲ ತಲೆಯೆತ್ತದೆ ಮೂಳೆ ಚೀಪುತ್ತಿದ್ದಳು, ಆದರೆ ಚೀಪುವ ಸದ್ದು ನಿಂತಿತ್ತು.

“ಬೇಡಕ್ಕಾ, ಇದೇ ರುಚಿಯಾಗಿದೆ” ಎಂದು ಇನ್ನೊಂದು ತುಂಡು ಹಾಕಿಸಿಕೊಂಡೆ. ಗೆದ್ದವನು ನಾನಲ್ಲವೇ.