ಅಳಿಯನ ವಾಲ್ವಿಗೆ ಆಯುಧಪೂಜೆ

ಮಚ್ಚಿಗಾಗಲಿ, ಹೊಲಿಗೆ ಮಿಷನ್ನಿಗಾಗಲಿ, ಮನುಷ್ಯರ ತಲೆಗಾಗಲಿ, ಎಣ್ಣೆ ಹಚ್ಚಿದರೆ ಒಳ್ಳೆಯದೇ ಆಗುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಶಾಲೆಗೆ ಹೋದದ್ದೇ ಎರಡನೇ ಕ್ಲಾಸಿನವರೆಗೆ. ಆದರೂ ಈ ಒಂದು ವಿಷಯದಲ್ಲಿ ರಿಪ್ಪನ್‌ಪೇಟೆಗೆ ನಾನೇ ಪಂಡಿತೆ ಎಂದು ನಂಬಿದ್ದೆ. ನಮ್ಮನೆಯವರದು ಸೈಕಲ್ ಶಾಪು. ನಂಬದೆ ಏನು ಮಾಡಲಿ?

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಂತ ಹೊಸತು. ಮಗಳು ಸರೋಜಳನ್ನು ತೀರ್ಥಹಳ್ಳಿ ಕಡೆಯ ಇಂಜಿನಿಯರಿಗೆ ಕೊಟ್ಟೆವು. ಹೆಸರು ನಾಗರಾಜ. ಆಕ್ಸಿಜನ್ ಫ್ಯಾಕ್ಟರಿಯಲ್ಲಿ ತರಬೇತಿಯಲ್ಲಿದ್ದರು. ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋಗಿ, ಕೊನೆಗೆ ನೀರಿನ ಹಾಗೆ ಮಾಡಿ ಪೈಪಿನಲ್ಲಿ ಹರಿಸುವ ಕೆಲಸವಂತೆ.

"ಗಾಳಿ ಹರಿಸೋಕೂ ಸಂಬಳ ಕೊಡ್ತಾರೇನ್ರೀ?" ಎಂದು ನಮ್ಮನೆಯವರನ್ನು ಕೇಳಿದೆ.

"ಕೊಡ್ದೆ ಎಂತ? ನಾನು ಟ್ಯೂಬಿಗೆ ಗಾಳಿ ಹಾಕಿಯೇ ಅಲ್ವಾ ನಿನ್ನನ್ನ ಸಾಕಿದ್ದು?"

ಮದುವೆಯಾದ ಮೇಲಿನ ಮೊದಲ ನವರಾತ್ರಿಗೆ ಅಳಿಯ ಬಂದರು. ಜೊತೆಗೆ ಒಂದು ಹೊರೆ ಇಂಗ್ಲಿಷ್ ಪುಸ್ತಕ, ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ವಾಲ್ವು. ಪೈಪಿಗೆ ಕೂರಿಸುವ ನಲ್ಲಿಯಂಥ ವಸ್ತು. ಅದನ್ನು ಅವರೇ ಬಿಚ್ಚಿ, ತೊಳೆದು, ಜೋಡಿಸಿದ್ದರು. ಹಬ್ಬ ಮುಗಿಸಿ ಹೋಗಿ ದೊಡ್ಡ ಸಾಹೇಬರ ಮುಂದೆ ಇಡಬೇಕು. ಅವರು ಒಪ್ಪಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಮನೆಗೆ.

ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದರು. ಕೇಳಿಸಿಕೊಳ್ಳುವ ಅಧಿಕಾರಿ ನಾನು!

"ಚಳಿಗೆ ಪೈಪು ಕುಗ್ಗುತ್ತೆ ಅತ್ತೆ. ಅದಕ್ಕೇ ಅಲ್ಲಲ್ಲಿ ಬಾಗು ಕೊಡ್ಬೇಕು."

"ಚಳಿಗೆ ನಿಮ್ಮ ಮಾವನೂ ಮುದುಡ್ತಾರೆ. ಒಂದು ಕಂಬಳಿ ಹೊದಿಸಿ."

"ಹೊದಿಸ್ತೀವಿ ಅತ್ತೆ! ಪೈಪಿನ ಸುತ್ತ ದಪ್ಪಗೆ ಕಟ್ತೀವಿ."

ಅವತ್ತಿನಿಂದ ನಾನು ಅರ್ಧ ಇಂಜಿನಿಯರ್ ಆದೆ. ಆಮೇಲೆ ಅವರು ಇಂಗ್ಲಿಷಿನಲ್ಲಿ ಒಪ್ಪಿಸತೊಡಗಿದರು. "ಸರಿಯಾ ಅತ್ತೆ?" ಎಂದಾಗಲೆಲ್ಲ ನಾನು ದೋಸೆ ಮಗುಚುತ್ತಾ "ಸರಿ ಸರಿ" ಎಂದೆ. ಎಲ್ಲದರಲ್ಲೂ ಪಾಸು ಮಾಡಿದೆ.

ಆಯುಧಪೂಜೆ ಬಂತು. ಮಗಳು ಅಳಿಯ ದೇವಸ್ಥಾನಕ್ಕೆ ಹೋಗಿದ್ದರು. ಶಾಪಿನ ಸ್ಪ್ಯಾನರು, ಪಂಪು ಎಲ್ಲ ಎಣ್ಣೆ ಹಚ್ಚಿಸಿಕೊಂಡು, ಕುಂಕುಮ ಇಟ್ಟುಕೊಂಡು ಮಿಂಚುತ್ತಿದ್ದವು. ಅಳಿಯನ ವಾಲ್ವು ಮಾತ್ರ ಮೂಲೆಯಲ್ಲಿ ಒಣಗಿಕೊಂಡು ಕೂತಿತ್ತು. ಅನ್ನ ಕೊಡುವ ವಸ್ತುವಿಗೆ ಹಬ್ಬದ ದಿನವೂ ಎಣ್ಣೆಯಿಲ್ಲ! ಹೆತ್ತ ತಾಯಿ ಇಲ್ಲದ ಹುಡುಗ, ಪಾಪ, ಅವರಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಬಟ್ಟೆ ಬಿಚ್ಚಿದೆ. ಹೊರಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ತೂತಿನೊಳಗೆ ಬೆರಳು ಹಾಕಿ ತಿಕ್ಕಿದೆ. ಬೆರಳು ಮುಟ್ಟದ ಕಡೆಗೆ ಶಾಪಿನ ಎಣ್ಣೆ ಡಬ್ಬಿಯ ಮೂತಿ ಇಟ್ಟು ಒತ್ತಿದೆ. ಕುಂಕುಮ, ಹೂವು, ಮಂಗಳಾರತಿ. ಯಾವುದರಲ್ಲೂ ಕಡಿಮೆ ಮಾಡಲಿಲ್ಲ.

ಅಳಿಯ ಬಂದವರು ವಾಲ್ವನ್ನು ನೋಡಿದರು. ಹಾಗೇ ಕಂಬಕ್ಕೆ ಒರಗಿದರು.

"ಎಣ್ಣೆ ಹಚ್ಚಿದ್ರಾ ಅತ್ತೆ?"

"ಒಳಗೂ ಹಚ್ಚಿದೀನಿ!" ಎಂದೆ ಹೆಮ್ಮೆಯಿಂದ.

ಆಮೇಲೆ ಗೊತ್ತಾಯಿತು. ಆಕ್ಸಿಜನ್ನಿಗೂ ಎಣ್ಣೆಗೂ ಆಗಿಬರುವುದಿಲ್ಲ. ಚೂರು ಜಿಡ್ಡು ಉಳಿದರೂ ಸಾಕು, ಹತ್ತಿಕೊಂಡು ಸಿಡಿದೀತು. ಇಂಗ್ಲಿಷಿನಲ್ಲಿ ಅವರು ನನಗೆ ಒಪ್ಪಿಸಿದ್ದೂ ಅದನ್ನೇ. ನಾನು "ಸರಿ ಸರಿ" ಎಂದದ್ದೂ ಅದಕ್ಕೇ!

ಅವರು ತಲೆ ಹಿಡಿದು ಕೂತಿದ್ದಾಗ ನಾನು ಸುಮ್ಮನೆ ಕೂರಬೇಕಿತ್ತು. ಕೂರಲಿಲ್ಲ. ವಾಲ್ವನ್ನು ಬಚ್ಚಲಿಗೆ ಒಯ್ದು ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತಿಕ್ಕಿದೆ. ಪುಡಿ ತೂತಿನೊಳಗೆ ಸೇರಿತು. ಸರೋಜ ಓಡಿ ಬಂದು, "ಅಮ್ಮಾ, ಒಳಗೆ ನೀರು ನಿಂತ್ರೆ ಆ ಚಳಿಗೆ ಗಡ್ಡೆ ಕಟ್ಟುತ್ತಂತೆ!" ಎಂದಳು. ಒಣಗಲಿ ಎಂದು ಒಲೆಯ ಬಾಯಲ್ಲಿಟ್ಟೆ. ಮಸಿ ಹಿಡಿಯಿತು. ಒಳಗಿದ್ದ ಪ್ಲಾಸ್ಟಿಕ್ ಉಂಗುರ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿತು. ಕೈಗೆ ಸಿಕ್ಕಿದ ಬಿಳಿ ಬಟ್ಟೆಯಿಂದ ಒರೆಸಿದೆ. ಅದು ನಮ್ಮನೆಯವರು ಹಬ್ಬಕ್ಕೆ ಉಡಬೇಕಿದ್ದ ಹೊಸ ಪಂಚೆ.

"ನಿನ್ನ ಪೂಜೆ ಮುಗೀತಾ ಮಾರಾಯ್ತಿ? ಇಲ್ಲ, ನಾನೂ ಮೂಲೇಲಿ ಕೂತ್ಕೊಳ್ಲಾ?" ಎಂದರು ಅವರು.

ಯಾರೂ ನಗಲಿಲ್ಲ. ಆ ಹುಡುಗನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ. ಊಟಕ್ಕೆ ಎಲೆ ಹಾಕುತ್ತಾ, "ನಾನೇ ಬಂದು ಸಾಹೇಬ್ರಿಗೆ ಹೇಳ್ತೀನಿ" ಎಂದೆ.

"ಬೇಡ! ಇವಳು ಹೋದ್ರೆ ಫ್ಯಾಕ್ಟರಿಗೂ ಎಣ್ಣೆ ಹಚ್ಚಿ ಬರ್ತಾಳೆ" ಎಂದರು ನಮ್ಮನೆಯವರು.

ಆಗ ಅಳಿಯ ನಕ್ಕರು. "ತಪ್ಪು ನನ್ನದೇ ಅತ್ತೆ. ನಿಮಗೆ ತಿಳಿಯೋ ಹಾಗೆ ಹೇಳ್ಲಿಲ್ಲ, ಬರೀ 'ಸರಿ' ಅನ್ನಿಸ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗೆ ಹೆಚ್ಚಾಯಿತೆಂದು ಹೇಳಿ ಒಲೆ ಊದಲು ಒಳಗೆ ಹೋದೆ.

ದೀಪಾವಳಿಗೆ ಅಳಿಯ ಮತ್ತೆ ಬಂದಾಗಲೇ ಮುಂದಿನದು ತಿಳಿದದ್ದು. ಸಾಹೇಬರು ವಾಲ್ವನ್ನು ತಿರುಗಿಸಿ ನೋಡಿ, ಸಂದಿಯಲ್ಲಿ ಉಳಿದಿದ್ದ ಕುಂಕುಮ ಮೂಸಿ, ಏನಿದು ಎಂದರಂತೆ. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಹಾಗಾದರೆ ಇದಕ್ಕೆ ಏನೇನಾಗಿದೆ, ಹೊಸ ಹುಡುಗರಿಗೆ ಹೇಳು" ಎಂದು ಎಲ್ಲರ ಮುಂದೆ ನಿಲ್ಲಿಸಿದರಂತೆ. ಎಣ್ಣೆ ಎಲ್ಲೆಲ್ಲಿ ಅಡಗಿದೆ, ನೀರು ಎಲ್ಲಿ ನಿಲ್ಲುತ್ತದೆ, ಉಂಗುರ ಯಾಕೆ ಮುರುಟಿತು, ಎಲ್ಲವನ್ನೂ ಇವರು ಅತ್ತೆಗೆ ಹೇಳುವ ಹಾಗೆ ಬಿಡಿಸಿ ಹೇಳಿದರಂತೆ. ಬೇರೆ ವಾಲ್ವು ಕೊಟ್ಟು ತೊಳೆಸಿ ನೋಡಿದ ಮೇಲೆ ಕೆಲಸ ಖಾಯಂ ಆಯಿತು. ನನ್ನ ವಾಲ್ವನ್ನು ಪಾಠದ ಕೋಣೆಯಲ್ಲೇ ಇಟ್ಟುಕೊಂಡರಂತೆ. ಹೊಸ ಇಂಜಿನಿಯರುಗಳು ಮೊದಲು ನೋಡಬೇಕಾದದ್ದು ಅದನ್ನೇ. ಎರಡನೇ ಕ್ಲಾಸಿನವಳು ಇಂಜಿನಿಯರುಗಳಿಗೆ ಪಾಠವಾದೆ. ಏನು ಮಾಡಬಾರದು ಎಂಬ ಪಾಠ!

ಹಬ್ಬದ ಬೆಳಿಗ್ಗೆ ಅಳಿಯ ಎಣ್ಣೆಸ್ನಾನಕ್ಕೆ ಮಣೆಯ ಮೇಲೆ ಕೂತು ತಲೆ ಬಗ್ಗಿಸಿದರು. ಬಟ್ಟಲು ಹಿಡಿದು ಹಿಂದೆ ನಿಂತೆ. ಅಂಗೈಯಲ್ಲಿ ಎಣ್ಣೆ ತುಂಬಿತ್ತು. ಕೈ ಮುಂದೆ ಹೋಗಲಿಲ್ಲ.

"ಎಂತಾಯ್ತು ಅತ್ತೆ?"

"ಇದಕ್ಕೆ ಹಚ್ಚಬಹುದಾ?" ಎಂದು ಕೇಳಿದೆ.